ನಿದ್ದೆಯನ್ನು ಅಂಗಡಿಯಲ್ಲಿ ಹುಡುಕಿದ ಮೂರು ತಿಂಗಳು



ಮಾರ್ಚ್ ತಿಂಗಳಲ್ಲಿ ಸಂತ ಜೋಸೆಫರ ಹಬ್ಬ ಬಂದಾಗ ಪ್ರಬೋಧನೆಗಳಲ್ಲಿ ನಾವು ಕೇಳುವುದು ಅವರ ದುಡಿಮೆಯ ಬಗ್ಗೆ, ಮೌನದ ಬಗ್ಗೆ, ವಿಧೇಯತೆಯ ಬಗ್ಗೆ. ಅವರ ನಿದ್ದೆಯ ಬಗ್ಗೆ ಕೇಳುವುದು ಅಪರೂಪ. ಆದರೆ ಮತ್ತಾಯನ ಶುಭಸಂದೇಶದಲ್ಲಿ ಅವರಿಗೆ ದೇವರ ಸಂದೇಶ ಬಂದದ್ದೆಲ್ಲ ಮಲಗಿದ್ದಾಗಲೇ, ಕನಸಿನಲ್ಲೇ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್‌ರವರು ಮನಿಲಾ ನಗರದಲ್ಲಿ ಕುಟುಂಬಗಳೊಡನೆ ಮಾತನಾಡುತ್ತಾ, ತಮ್ಮ ಮೇಜಿನ ಮೇಲೆ ಮಲಗಿರುವ ಜೋಸೆಫರ ಪ್ರತಿಮೆಯೊಂದಿದೆ, ಏನಾದರೂ ತೊಂದರೆ ಬಂದಾಗ ಅದನ್ನು ಚೀಟಿಯಲ್ಲಿ ಬರೆದು ಆ ಪ್ರತಿಮೆಯ ಕೆಳಗೆ ಇಡುತ್ತೇನೆ ಎಂದು ಹೇಳಿದ್ದರು. ಅಂದಿನಿಂದ ಆ ಪ್ರತಿಮೆ ಬಹಳ ಮನೆಗಳಿಗೆ ಬಂದಿದೆ. ನಮ್ಮ ಮನೆಗೂ ಬಂತು. ಗೋಡೆಯ ಗೂಡಿನಲ್ಲಿ ಆರು ಅಂಗುಲದ ಜೋಸೆಫರು ಕೈಯನ್ನು ತಲೆದಿಂಬು ಮಾಡಿಕೊಂಡು ಹಾಯಾಗಿ ಮಲಗಿದ್ದಾರೆ. ಒಂದು ಕಾಲದಲ್ಲಿ ಅವರ ಪಕ್ಕದಲ್ಲೇ ಮೂರು ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಒಂದು ಮೆಲಟೋನಿನ್, ಇನ್ನೊಂದು ಅಶ್ವಗಂಧ, ಮತ್ತೊಂದು ಮೆಗ್ನೀಸಿಯಂ. ನಿದ್ದೆ ಬಾರದ ನಾವು ಆ ಡಬ್ಬಿಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿದ ಕಥೆಯನ್ನೂ, ಅದರಿಂದ ತಿಳಿದ ಕೆಲವು ಸಂಗತಿಗಳನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಊರು ಸಾತನೂರು. ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಗೆ ಚನ್ನಪಟ್ಟಣದ ರಸ್ತೆ ಬಂದು ಕೂಡುವ ಊರು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದೆವು. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಊರು ಮಾತ್ರ ಇದ್ದಲ್ಲೇ ಇದೆ. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮದು ಒಂದಿಷ್ಟು ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಒಂದೆಕರೆ ರಾಗಿ. ಅರವತ್ತು ದಾಟಿದೆ. ಬೋರ್‌ವೆಲ್ ಎರಡು ಸಲ ಕೈಕೊಟ್ಟಿತು, ಸಾಲ ಉಳಿಯಿತು. ರಾತ್ರಿ ಹತ್ತಕ್ಕೆ ಮಲಗಿದರೆ ಎರಡು ಗಂಟೆಗೆ ಕಣ್ಣು ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಲೆಕ್ಕ ಹಾಕುವುದೇ ಕೆಲಸ. ನಮ್ಮ ಮನೆಯವರಿಗೆ ಇನ್ನೊಂದು ಬಗೆ. ಮಲಗಿದ ಕೂಡಲೇ ನಿದ್ದೆ ಹತ್ತುವುದಿಲ್ಲ, ಮಗ ಬೆಂಗಳೂರಿನಿಂದ ಕೊನೆಯ ಬಸ್ಸಿನಲ್ಲಿ ಬಂದು ಬಾಗಿಲು ತಟ್ಟುವವರೆಗೂ ಕಿವಿ ರಸ್ತೆಯ ಕಡೆಗೇ.

ಮೊದಲ ಡಬ್ಬಿ ಬಂದದ್ದು ಅಮೆರಿಕದಿಂದ. ಅಕ್ಕನ ಮಗಳು ರಜೆಗೆ ಬಂದಿದ್ದಳು. "ಮಾವ, ಅಲ್ಲಿ ಎಲ್ಲರೂ ತಗೋತಾರೆ, ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತೆ" ಎಂದು ಮೆಲಟೋನಿನ್ ಗಮ್ಮಿಯ ಡಬ್ಬಿ ಕೊಟ್ಟಳು. ನೋಡಲು ಬಣ್ಣಬಣ್ಣದ ಜೆಲ್ಲಿ ಮಿಠಾಯಿ. ಒಂದೊಂದರಲ್ಲೂ 10 ಮಿಲಿಗ್ರಾಂ ಎಂದು ಬರೆದಿತ್ತು. ಅವಳು ಹೇಳಿದ್ದು ಸುಳ್ಳಲ್ಲ. 1994ರ ಕಾನೂನೊಂದರ ಪ್ರಕಾರ ಅಮೆರಿಕದಲ್ಲಿ ಇಂಥವು ಔಷಧಿಯ ಗುಂಪಿಗೆ ಸೇರದೆ ಆಹಾರ ಪೂರಕಗಳ ಗುಂಪಿಗೆ ಸೇರಿವೆ, ಆದ್ದರಿಂದ ವೈದ್ಯರ ಚೀಟಿ ಬೇಕಿಲ್ಲ. ಅದೇ ವಸ್ತುವನ್ನು ಇಂಗ್ಲೆಂಡಿನಲ್ಲಿ ಚೀಟಿಯಿಲ್ಲದೆ ಕೊಡುವುದಿಲ್ಲ. ಒಂದೇ ವಸ್ತು ಒಂದು ದೇಶದಲ್ಲಿ ಮಿಠಾಯಿ, ಇನ್ನೊಂದು ದೇಶದಲ್ಲಿ ಔಷಧಿ! ಇದನ್ನು ಓದಿದಾಗಲೇ ನಮಗೆ ಸ್ವಲ್ಪ ಎಚ್ಚರವಾಗಬೇಕಿತ್ತು.

ಮೆಲಟೋನಿನ್ ಎಂದರೆ ಏನು? ನಮ್ಮ ಮೆದುಳಿನ ನಡುವೆ ಬಟಾಣಿ ಕಾಳಿಗಿಂತಲೂ ಚಿಕ್ಕದಾದ ಪೀನಿಯಲ್ ಎಂಬ ಗ್ರಂಥಿಯಿದೆ. ಆತ್ಮ ನೆಲೆಸಿರುವುದು ಅಲ್ಲೇ ಎಂದು ಡೆಕಾರ್ಟ್ ಎಂಬ ತತ್ವಜ್ಞಾನಿ ಹಿಂದೆ ನಂಬಿದ್ದ. ಆ ಚರ್ಚೆ ಇಲ್ಲಿ ಬೇಡ. ಕತ್ತಲಾದಾಗ ಆ ಗ್ರಂಥಿ ರಕ್ತಕ್ಕೆ ಬಿಡುವ ರಸವೇ ಮೆಲಟೋನಿನ್. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಮತ್ತು ಸಂಗಡಿಗರು ದನದ ಪೀನಿಯಲ್ ಗ್ರಂಥಿಗಳಿಂದ ಅದನ್ನು ಬೇರ್ಪಡಿಸಿದರು. ಅದು ನಮ್ಮನ್ನು ಬೀಳಿಸಿ ಮಲಗಿಸುವ ವಸ್ತುವಲ್ಲ. 'ಹೊರಗೆ ಕತ್ತಲಾಯಿತು' ಎಂದು ಮೈಗೆಲ್ಲ ಸಾರುವ ತಳವಾರನಂತೆ ಅದರ ಕೆಲಸ. ತಳವಾರ ಡಂಗುರ ಹೊಡೆದ ಮಾತ್ರಕ್ಕೆ ಊರು ಮಲಗುವುದಿಲ್ಲ. ಸಾಲಗಾರನೊಬ್ಬ ಬಾಗಿಲಲ್ಲಿ ನಿಂತಿದ್ದರೆ ಮಲಗುವುದು ಹೇಗೆ?

2013ರಲ್ಲಿ ಹತ್ತೊಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮೆಲಟೋನಿನ್ ಸೇವಿಸಿದವರಿಗೆ ಸೇವಿಸದವರಿಗಿಂತ ಸರಾಸರಿ ಏಳು ನಿಮಿಷ ಮೊದಲು ನಿದ್ದೆ ಹತ್ತಿತು, ಒಟ್ಟು ನಿದ್ದೆ ಎಂಟು ನಿಮಿಷ ಹೆಚ್ಚಾಯಿತು. ಏಳು ನಿಮಿಷ! ಒಂದು ಲೋಟ ಕಾಫಿ ಕುದಿಯುವ ಹೊತ್ತು. ದೂರದೇಶಕ್ಕೆ ವಿಮಾನದಲ್ಲಿ ಹೋಗಿ ಹಗಲು ರಾತ್ರಿ ಅದಲು ಬದಲಾದವರಿಗೆ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ ಎಂಬುದು ನಿಜ. ಆದರೆ ದಿನನಿತ್ಯದ ನಿದ್ರಾಹೀನತೆಗೆ ಇದನ್ನು ಬಳಸದಿರುವುದು ಒಳ್ಳೆಯದೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯೇ 2017ರಲ್ಲಿ ಸಲಹೆ ನೀಡಿದೆ.

ನಾವು ಹತ್ತು ರಾತ್ರಿ ತಿಂದೆವು. ಮೊದಲ ಎರಡು ದಿನ ಬೇಗ ನಿದ್ದೆ ಬಂದಂತೆ ಕಂಡಿತು. ಆಮೇಲೆ ಬೆಳಿಗ್ಗೆ ತಲೆ ಭಾರ. ಸೊಪ್ಪು ಕಟಾವು ಮಾಡಲು ಹೋದಾಗ ತೂಕಡಿಕೆ. ಕೈಯಲ್ಲಿ ಕುಡುಗೋಲು ಹಿಡಿದು ತೂಕಡಿಸುವುದು ತಮಾಷೆಯಲ್ಲ. ಎರಡು ಗಂಟೆಗೆ ಎಚ್ಚರವಾಗುವುದಂತೂ ನಿಲ್ಲಲಿಲ್ಲ. ಇನ್ನೂ ಒಂದು ಸಂಗತಿ ನಡೆಯಿತು. ಮೂರು ವರ್ಷದ ಮೊಮ್ಮಗ ಡಬ್ಬಿ ನೋಡಿ, "ತಾತಾ, ನಂಗೂ ಜೆಲ್ಲಿ" ಎಂದು ಕೈ ಚಾಚಿದ. ಮುಚ್ಚಳ ಸರಿಯಾಗಿ ಹಾಕಿದ್ದರಿಂದ ಬಚಾವಾದೆವು. ಆಮೇಲೆ ತಿಳಿಯಿತು: ಮಕ್ಕಳು ಮೆಲಟೋನಿನ್ ನುಂಗಿದರೆಂದು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಬಂದ ಕರೆಗಳು 2012ರಲ್ಲಿ ಎಂಟು ಸಾವಿರ ಚಿಲ್ಲರೆ ಇದ್ದದ್ದು 2021ರಲ್ಲಿ ಐವತ್ತೆರಡು ಸಾವಿರ ದಾಟಿತ್ತು. 2023ರಲ್ಲಿ ಅಲ್ಲಿನ ಸಂಶೋಧಕರು 25 ಬಗೆಯ ಗಮ್ಮಿಗಳನ್ನು ಪರೀಕ್ಷೆ ಮಾಡಿದಾಗ 22ರಲ್ಲಿ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆಯಿರಲಿಲ್ಲ. ಒಂದರಲ್ಲಿ ಬರೆದದ್ದರ ಮೂರೂವರೆ ಪಟ್ಟು ಇತ್ತು. ಇನ್ನೊಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಡಬ್ಬಿಯನ್ನು ಗೂಡಿನಿಂದ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿದೆವು.

ಎರಡನೆಯದು ಅಶ್ವಗಂಧ. ಇದು ಪರದೇಶದ್ದಲ್ಲವಲ್ಲ, ನಮ್ಮ ಹಿರೇಮದ್ದಿನ ಗಿಡವೇ ತಾನೇ ಎಂಬ ಧೈರ್ಯ. ಬೇರು ಕುದುರೆಯ ವಾಸನೆ ಹೊಡೆಯುವುದರಿಂದ ಆ ಹೆಸರು. ಸಸ್ಯಶಾಸ್ತ್ರಜ್ಞರು ಇಟ್ಟ ಲ್ಯಾಟಿನ್ ಹೆಸರಿನಲ್ಲೂ 'ನಿದ್ದೆ ತರುವುದು' ಎಂಬ ಅರ್ಥವಿದೆ. ಔಷಧಿ ಅಂಗಡಿಗೆ ಹೋಗಿ ಕೇಳಿದಾಗ ಅಂಗಡಿಯವರು, "ಮೇಷ್ಟ್ರೇ, ಇದು ಮಾತ್ರೆ ಅಲ್ಲ, ಸಪ್ಲಿಮೆಂಟು. ಬೇರಿನ ಪುಡಿ ಅಷ್ಟೇ. ಏನೂ ಆಗಲ್ಲ, ಅಮ್ಮಾವ್ರಿಗೂ ಕೊಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇದೆ, ಬೇರೆ ಏನು ಮಾತ್ರೆ ನಡೆಯುತ್ತಿದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಶ್ವಗಂಧದಲ್ಲಿ ಏನೂ ಇಲ್ಲವೆಂದು ಹೇಳಲಾಗದು. ಐದು ಪ್ರಯೋಗಗಳ, ಒಟ್ಟು 400 ಜನರ ಫಲಿತಾಂಶಗಳನ್ನು ಕೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿದ್ದೆಯ ಮೇಲೆ ಅದರ ಪರಿಣಾಮ ಚಿಕ್ಕದಾದರೂ ನಿಜವಾದದ್ದು ಎಂದು ಕಂಡುಬಂದಿದೆ. ದಿನಕ್ಕೆ 600 ಮಿಲಿಗ್ರಾಂ ಸಾರವನ್ನು ಎಂಟು ವಾರ ಸೇವಿಸಿದವರಲ್ಲಿ ಹೆಚ್ಚು ಗುಣ ಕಂಡಿತು. ಆದರೆ ಗುಣವಿರುವ ವಸ್ತುವಿಗೆ ಗುಣ ಮಾಡುವ ಶಕ್ತಿ ಇರುವಂತೆಯೇ ಕೆಡಿಸುವ ಶಕ್ತಿಯೂ ಇರುತ್ತದೆ. 'ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ' ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ ಎಂದು ಈಗ ನಮಗನ್ನಿಸುತ್ತದೆ.

ನಮ್ಮ ಮನೆಯವರು ಎಂಟು ವರ್ಷಗಳಿಂದ ಥೈರಾಯ್ಡ್ ಮಾತ್ರೆ ಸೇವಿಸುತ್ತಾರೆ. ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಒಂದು. ಅಶ್ವಗಂಧ ಆರಂಭಿಸಿ ಆರೇಳು ವಾರವಾಗಿತ್ತು. ನಿದ್ದೆ ಸುಧಾರಿಸುವ ಬದಲು ಇನ್ನೂ ಕೆಟ್ಟಿತು. ಎದೆ ಡವಡವ ಎನ್ನುವುದು, ಕೈ ನಡುಕ, ವಿನಾಕಾರಣ ಸಿಡುಕು. ಮೈ ಇಳಿಯಿತು. ನಾವಿಬ್ಬರೂ ಇದನ್ನು ಸಾಲದ ಚಿಂತೆಗೆ, ಮಗನ ಚಿಂತೆಗೆ ಕಟ್ಟಿಹಾಕಿದೆವು. ಅಷ್ಟೇ ಆಗಿದ್ದರೆ ಪರವಾಗಿಲ್ಲ, 'ಡೋಸ್ ಸಾಲದಿರಬಹುದು' ಎಂದು ಒಂದು ಕ್ಯಾಪ್ಸೂಲ್ ಇದ್ದದ್ದನ್ನು ಎರಡು ಮಾಡಿದೆವು. ಒಂದು ಭಾನುವಾರ ಬಲಿಪೂಜೆಯಲ್ಲಿ ನಿಂತಿದ್ದಾಗ ಅವರಿಗೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಕುಸಿದರು. ಪಕ್ಕದಲ್ಲಿದ್ದ ಸಿಸ್ಟರ್ ನಾಡಿ ಹಿಡಿದು ನೋಡಿ, "ಇಷ್ಟು ಜೋರಾಗಿ ಓಡ್ತಾ ಇದೆ, ಇವತ್ತೇ ತೋರಿಸಿ" ಎಂದರು.

ವೈದ್ಯರು ಹೃದಯದ ಇ.ಸಿ.ಜಿ. ಮಾಡಿಸಿ, ರಕ್ತ ಪರೀಕ್ಷೆಗೆ ಬರೆದರು. ಟಿ.ಎಸ್.ಎಚ್. ಎಂಬ ಅಂಶ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಎಂದರೆ ಮೈಯಲ್ಲಿ ಥೈರಾಯ್ಡ್ ರಸ ಅತಿಯಾಗಿತ್ತು. "ಮಾತ್ರೆ ಜಾಸ್ತಿ ತಗೊಂಡ್ರಾಮ್ಮ?" ಎಂದು ಕೇಳಿದರು. ಇಲ್ಲ. "ಬೇರೆ ಏನಾದ್ರೂ ತಗೋತಾ ಇದ್ದೀರಾ? ನಾಟಿ ಔಷಧಿ, ಪುಡಿ, ಟಾನಿಕ್?" ಇಲ್ಲವೆಂದೇ ಹೇಳುವವರಿದ್ದೆವು, ಅಶ್ವಗಂಧವನ್ನು ನಾವು ಔಷಧಿಯೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯವರೇ ನೆನಪು ಮಾಡಿಕೊಂಡು ಹೇಳಿದರು. ವೈದ್ಯರು ಪೆನ್ನು ಕೆಳಗಿಟ್ಟರು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ರಸವನ್ನು ಹೆಚ್ಚಿಸುತ್ತದೆ, ಆ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಅದನ್ನು ಮುಟ್ಟಬಾರದು ಎಂದು ವಿವರಿಸಿದರು. ವಯಸ್ಸಾದವರಲ್ಲಿ ಇದು ಹೀಗೇ ಮುಂದುವರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು ಎಂದಾಗ ನಮ್ಮ ಕೈಕಾಲು ತಣ್ಣಗಾಯಿತು. ಅಂಗಡಿಯವರ ಮೇಲೆ ಸಿಟ್ಟು ಬಂತು, ನಿಜ. ಆದರೆ ಡಬ್ಬಿ ಕೊಂಡವರು ನಾವು, ಒಂದನ್ನು ಎರಡು ಮಾಡಿದವರೂ ನಾವೇ.

ಥೈರಾಯ್ಡ್ ಒಂದೇ ಅಲ್ಲ. ಅಶ್ವಗಂಧ ಸೇವಿಸಿದ ಕೆಲವರಿಗೆ ಯಕೃತ್ತಿಗೆ, ಅಂದರೆ ಲಿವರ್‌ಗೆ, ಪೆಟ್ಟು ಬಿದ್ದು ಕಾಮಾಲೆಯಾದ ಪ್ರಕರಣಗಳು 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದಿಂದ, ನಂತರ ನಮ್ಮ ದೇಶದಿಂದಲೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಇಂಥವು ಅಪರೂಪ, ಬಹುತೇಕರು ಬಿಟ್ಟ ಮೇಲೆ ಗುಣವಾಗುತ್ತಾರೆ. ಹಾಗಿದ್ದರೂ ಮೊದಲೇ ಲಿವರ್ ಕೆಟ್ಟವರಿಗೆ ಅಪಾಯ ಹೆಚ್ಚು. ಡೆನ್ಮಾರ್ಕ್ ದೇಶ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಬಸುರಿಯರು ಇದನ್ನು ಸೇವಿಸಲೇಬಾರದು. ಪಂಡಿತರ ಬಳಿ ಹೋಗಿ, ನಾಡಿ ತೋರಿಸಿ, ಅವರು ಅಳೆದು ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬೇರೆ. ಅಂಗಡಿಯ ಕಪಾಟಿನಿಂದ ನಾವೇ ಆರಿಸಿಕೊಂಡು ನುಂಗುವುದು ಬೇರೆ. ಆಯುರ್ವೇದವನ್ನು ನಾವು ದೂರುತ್ತಿಲ್ಲ. ನಮ್ಮ ದೇಶದ ಸರ್ಪಗಂಧಿಯ ಚರಿತ್ರೆ ನೋಡಿ. ತಲೆ ಕೆಟ್ಟವರಿಗೆ, ನಿದ್ದೆ ಬಾರದವರಿಗೆ ಶತಮಾನಗಳಿಂದ ಕೊಡುತ್ತಿದ್ದ ಬೇರು. 1949ರಲ್ಲಿ ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದರು. ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರ ತೆಗೆದರು. ಕೋಟ್ಯಂತರ ಮಾತ್ರೆ ಖರ್ಚಾದ ಮೇಲೆ, ಅದನ್ನು ಸೇವಿಸಿದ ಕೆಲವರು ಗಾಢ ಖಿನ್ನತೆಗೆ ಇಳಿಯುತ್ತಾರೆಂದು ವೈದ್ಯರು ಎಚ್ಚರಿಸತೊಡಗಿದರು. ಬೇರಿನಲ್ಲಿ ಬಲವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಲ್ಲೇ ಇನ್ನೊಂದು ಬೇರಿನ ನೆನಪಾಗುತ್ತದೆ. ಬೆಥಾನಿಯದ ಮರಿಯಾ ಯೇಸುಸ್ವಾಮಿಯ ಪಾದಗಳಿಗೆ ಸುರಿದ ತೈಲ ಜಟಾಮಾಂಸಿಯದು. ಅದರ ಬೆಲೆ ಮುನ್ನೂರು ದಿನಾರಿ ಎಂದು ಯೂದನು ಗೊಣಗಿದ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಅಷ್ಟು ಬೆಲೆ ಏಕೆಂದರೆ ಆ ಗಿಡ ಬೆಳೆಯುವುದು ಹಿಮಾಲಯದ ಮೂರು ಸಾವಿರ ಮೀಟರಿಗೂ ಎತ್ತರದ ಇಳಿಜಾರುಗಳಲ್ಲಿ. ನಮ್ಮ ನೆಲದ ಬೇರು ಆ ಕಾಲದಲ್ಲೇ ಅಷ್ಟು ದೂರ ಹೋಗಿತ್ತು. ಇಂದು ಅದೇ ಜಟಾಮಾಂಸಿ 'ಸ್ಟ್ರೆಸ್ ರಿಲೀಫ್' ಎಂಬ ಚೀಟಿ ಅಂಟಿಸಿಕೊಂಡು ಡಬ್ಬಿಗಳಲ್ಲಿ ಬರುತ್ತಿದೆ. ಮನುಷ್ಯರಲ್ಲಿ ಅದರ ಮೇಲೆ ನಡೆದ ಒಳ್ಳೆಯ ಪರೀಕ್ಷೆಗಳು ಬಹಳ ಕಡಿಮೆ. ಕಿತ್ತು ಕಿತ್ತು ಆ ಗಿಡವಂತೂ ಅಳಿವಿನ ಅಂಚಿಗೆ ಬಂದಿದೆ.

ಮೂರನೆಯ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಗ್ನೀಸಿಯಂ ಸೇವಿಸಿದರೆ ನಿದ್ದೆ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಮಗೆ ಭೇದಿಯಾಯಿತು, ಅಷ್ಟೇ. ಮೂತ್ರಪಿಂಡದ ತೊಂದರೆಯಿರುವವರಿಗೆ ಅದು ಮೈಯಲ್ಲೇ ಉಳಿದು ಅಪಾಯ ಮಾಡುತ್ತದೆ. ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಆ ಮಾತ್ರೆ ಮೈಗೆ ಹತ್ತುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಅಷ್ಟಕ್ಕೂ ನೂರು ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಮಧ್ಯಾಹ್ನ ಒಂದು, ರಾತ್ರಿ ಒಂದು ಮುದ್ದೆ ಉಣ್ಣುವ ಸಾತನೂರಿನವರು ಡಬ್ಬಿಗೆ ಆರುನೂರು ರೂಪಾಯಿ ಕೊಟ್ಟೆವಲ್ಲ ಎಂದು ಈಗ ನಗು ಬರುತ್ತದೆ.

ಡಬ್ಬಿ ಕೊಳ್ಳುವವರು ಅದರ ಮೇಲಿನ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡಾದರೂ ಓದಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಆಹಾರ. 2016ರ ನಿಯಮಗಳ ಪ್ರಕಾರ ಅಂಥ ಪೂರಕಗಳ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂಬರ್ಥದ ಎಚ್ಚರಿಕೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಮುಂಭಾಗದಲ್ಲಿ ಚಂದ್ರ, ನಕ್ಷತ್ರ, ಮಲಗಿದ ಹೆಂಗಸಿನ ಚಿತ್ರ. ಹಿಂಭಾಗದಲ್ಲಿ ಈ ಮಾತು. ನಮ್ಮ ಡಬ್ಬಿಯಲ್ಲೂ ಇತ್ತು, ನೋಡಿರಲಿಲ್ಲ. ಆಯುರ್ವೇದ ಔಷಧಿಗಳಿಗೆ ಬೇರೆಯೇ ಪರವಾನಗಿ ಇರುತ್ತದೆ. ಎರಡೂ ಇಲ್ಲದೆ, ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಪೊಟ್ಟಣ ಕಟ್ಟಿ ಮಾರುವುದನ್ನು ಮುಟ್ಟದಿರುವುದೇ ಕ್ಷೇಮ. ಅಂತರಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಸಿಕ್ಕಿತೆಂದು 2008ರಲ್ಲಿ ಪ್ರಕಟಿಸಿದರು.

ಇನ್ನು ಕೆಲವರು ಪೂರಕದ ಗೊಡವೆಗೇ ಹೋಗದೆ ನೇರವಾಗಿ 'ನಿದ್ದೆ ಮಾತ್ರೆ' ಕೇಳುತ್ತಾರೆ. ಆಲ್ಪ್ರಜೋಲಂ, ಜೋಲ್ಪಿಡೆಮ್ ಮೊದಲಾದವು 2014ರಿಂದ ಎಚ್-1 ಎಂಬ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿಚಯದ ಮೇಲೆ ಒಂದು ಪಟ್ಟಿ ಕೊಡಿ ಎಂದು ಯಾರನ್ನೂ ಪೀಡಿಸಬೇಡಿ. ಅಭ್ಯಾಸವಾದರೆ ಬಿಡುವುದು ಕಷ್ಟ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಸಂಭವವೂ ಇದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಈಗಾಗಲೇ ಸೇವಿಸುತ್ತಿರುವವರು ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕೇ ಹೊರತು ಈ ಲೇಖನ ಓದಿ ನಾಳೆಯೇ ಬಿಸಾಡಬಾರದು.

ಹಾಗಾದರೆ ನಮ್ಮ ನಿದ್ದೆ ಹೋದದ್ದಾದರೂ ಎಲ್ಲಿಗೆ? ವೈದ್ಯರು ಒಂದು ಹಾಳೆ ಕೊಟ್ಟು, ಎರಡು ವಾರ ಮಲಗಿದ್ದು, ಎದ್ದದ್ದು, ಹಗಲು ತೂಕಡಿಸಿದ್ದು, ಕಾಫಿ ಟೀ ಕುಡಿದದ್ದು ಎಲ್ಲವನ್ನೂ ಬರೆದು ತರಲು ಹೇಳಿದರು. ಬರೆದು ನೋಡಿದಾಗ ನಮಗೇ ನಾಚಿಕೆಯಾಯಿತು. ಸಂಜೆ ಆರಕ್ಕೊಂದು, ಎಂಟಕ್ಕೊಂದು ಕಾಫಿ. ಕಾಫಿಯ ಅರ್ಧ ಅಂಶ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಿದ್ದೆ. ಎಚ್ಚರವಾಗಿದ್ದಷ್ಟೂ ಮೆದುಳಿನಲ್ಲಿ ನಿದ್ದೆಯ ಹಸಿವು ಕೂಡುತ್ತಾ ಹೋಗುತ್ತದೆ; ಮಧ್ಯಾಹ್ನವೇ ಅದನ್ನು ಉಂಡು ತೀರಿಸಿದರೆ ರಾತ್ರಿಗೆ ಹಸಿವೆಲ್ಲಿ? ಹಾಸಿಗೆಯ ಮೇಲೆ ಮೊಬೈಲು. ರಕ್ತದೊತ್ತಡದ ಮೂತ್ರದ ಮಾತ್ರೆಯನ್ನು ನಾವು ರಾತ್ರಿ ನುಂಗುತ್ತಿದ್ದೆವು. ಎರಡು ಗಂಟೆಗೆ ಎದ್ದು ಕೂರಿಸುತ್ತಿದ್ದದ್ದು ಸಾಲಕ್ಕಿಂತ ಹೆಚ್ಚಾಗಿ ಅದೇ! ವೈದ್ಯರು ಅದನ್ನು ಬೆಳಿಗ್ಗೆಗೆ ಬದಲಿಸಿದರು.

ಔಷಧಿಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಇದೇ, ಅಭ್ಯಾಸವನ್ನು ತಿದ್ದುವುದು, ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ. ಎಷ್ಟು ಹೊತ್ತಿಗೆ ಮಲಗಿದರೂ ಏಳುವುದು ಒಂದೇ ಹೊತ್ತಿಗೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಜಗಲಿಗೆ ಬಂದು ಮಂದ ಬೆಳಕಿನಲ್ಲಿ ಕುಳಿತಿರುವುದು. ಜಪಮಾಲೆ ಹಿಡಿಯುವವರು ಹಿಡಿಯಬಹುದು, ಗಡಿಯಾರ ಮಾತ್ರ ನೋಡಬಾರದು. ಮೊದಲ ಎರಡು ವಾರ ಇದು ಡಬ್ಬಿಗಿಂತ ಕಷ್ಟ, ಹಗಲೆಲ್ಲ ಕಣ್ಣು ಎಳೆಯುತ್ತದೆ. ಮೂರನೆಯ ವಾರದಿಂದ ನಮಗೆ ದಾರಿ ಕಂಡಿತು.

ಆದರೆ ನಮ್ಮ ಕಡೆಯ ರೈತರ ನಿದ್ದೆಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಐದನೆಯ ಹಂತದ ಹುಳು ಹಗಲು ರಾತ್ರಿ ತಿನ್ನುತ್ತದೆ. ಅದರ ಜೀವಮಾನದ ಸೊಪ್ಪಿನಲ್ಲಿ ಹೆಚ್ಚುಪಾಲು ಆ ಏಳೆಂಟು ದಿನಗಳಲ್ಲೇ ಖರ್ಚು. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಡುವ ರಾತ್ರಿ ಮನೆಯಲ್ಲಿ ಯಾರೂ ಮಲಗುವಂತಿಲ್ಲ. ತೋಟಕ್ಕೆ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯೇ ನೀರು ಹಾಯಿಸಬೇಕು. ರಾಗಿ ತೆನೆ ಕಟ್ಟಿದಾಗ ಕಾಡಂಚಿನ ಹೊಲದವರು ಅಟ್ಟಣೆಯ ಮೇಲೆ ಆನೆ ಕಾವಲು ಕೂರುತ್ತಾರೆ. ಬೆಳಕು ಬಿಟ್ಟು, ಕೂಗು ಹಾಕಿ, ಪಟಾಕಿ ಸಿಡಿಸಿ ಬೆಳಗು ಮಾಡುತ್ತಾರೆ. ಇವರಿಗೆ ಯಾವ ಗಮ್ಮಿ ಕೊಟ್ಟರೆ ನಿದ್ದೆ ಬಂದೀತು? ಬಂದರೆ ಅದೇ ಅಪಾಯ. ಕಾವಲಿಗೆ ಹೋಗುವವರು, ಹುಳು ಮನೆಯವರು ನಿದ್ದೆಯ ಮಾತ್ರೆಯನ್ನಾಗಲಿ ಪೂರಕವನ್ನಾಗಲಿ ಆ ದಿನಗಳಲ್ಲಿ ಮುಟ್ಟಬಾರದು. ಸರದಿ ಮಾಡಿಕೊಂಡು ಒಬ್ಬೊಬ್ಬರಿಗೂ ನಾಲ್ಕೈದು ಗಂಟೆ ಎಡೆಬಿಡದೆ ಮಲಗಲು ಬಿಡುವುದು, ಹಗಲಿನಲ್ಲಿ ಕತ್ತಲ ಕೋಣೆಯಲ್ಲಿ ಉಳಿದ ನಿದ್ದೆ ತೀರಿಸುವುದು, ಇಷ್ಟೇ ಮಾರ್ಗ. ಇದನ್ನು ಹೆಂಗಸರಿಗೂ ಅನ್ವಯಿಸಬೇಕು. ರಾತ್ರಿ ಸೊಪ್ಪು ಹಾಕಿ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವವರು ಅವರೇ ತಾನೇ.

ಒಂದು ವಿಚಿತ್ರ ನೋಡಿ. ರೇಷ್ಮೆ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ, ನಿದ್ದೆ ಮಾಡುವಂತೆ. ಆಗ ನಾವು ಸೊಪ್ಪು ನಿಲ್ಲಿಸುತ್ತೇವೆ, ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸುತ್ತೇವೆ, ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಎಲ್ಲ ಹುಳು ಏಳುವವರೆಗೆ ಕಾಯುತ್ತೇವೆ. ಹುಳುವಿಗೆ ಕೊಡುವ ಈ ಮರ್ಯಾದೆಯನ್ನು ಮನೆಯ ಸೊಸೆಯ ನಿದ್ದೆಗೆ ಎಷ್ಟು ಮನೆಗಳಲ್ಲಿ ಕೊಡುತ್ತೇವೆ?

ಕೊನೆಗೆ ಹೇಳಲೇಬೇಕಾದ ಒಂದು ಮಾತಿದೆ. ನಮ್ಮ ಬಂಧುಗಳಲ್ಲೇ ಒಬ್ಬರು, ಹೆಸರು ಬೇಡ, ಆರು ತಿಂಗಳು ಇಂಥದೇ ಡಬ್ಬಿಗಳನ್ನು ಬದಲಿಸುತ್ತಾ ಕಳೆದರು. ಬೆಳಗಿನ ಮೂರಕ್ಕೆ ಎಚ್ಚರ, ಊಟ ಸೇರದು, ಹಬ್ಬಕ್ಕೂ ಹೊಸ ಬಟ್ಟೆ ಬೇಡ, ಮಾತು ಕಡಿಮೆ. 'ನಿದ್ದೆ ಒಂದು ಸರಿಹೋದರೆ ಎಲ್ಲ ಸರಿ' ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಅದು ಖಿನ್ನತೆ ಎಂದು ಗೊತ್ತಾದದ್ದು, ಹುಳು ಮನೆಯಲ್ಲಿ ಅವರ ಕೈಯಿಂದ ಔಷಧಿ ಬಾಟಲಿಯನ್ನು ಮಗ ಕಿತ್ತುಕೊಂಡ ದಿನ. ದೇವರ ದಯೆ, ಬದುಕಿದರು. ಚಿಕಿತ್ಸೆ ಪಡೆದು ಇಂದು ತೋಟಕ್ಕೆ ಹೋಗುತ್ತಿದ್ದಾರೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗಾದರೂ ಯಾವುದಾದರೊಂದು ಮಾನಸಿಕ ಕಾಯಿಲೆಯಿದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿಲ್ಲ. ನಿದ್ದೆಗೇಡಿನ ಜೊತೆ ಬೇಸರ ಎರಡು ವಾರಕ್ಕೂ ಮೀರಿ ಉಳಿದರೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ, ಅಂಗಡಿಗೆ ಹೋಗಬೇಡಿ. 14416 ಎಂಬುದು ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ್ದು. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರುಮಾಡಿತು. ಯಾವ ವಾರ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರು, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವವರು ಕೂಡ ವೈದ್ಯರಿಗೇ ತೋರಿಸಬೇಕು. ಒಂದು ಸಲ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಬೇಕು.

ಅಶ್ವಗಂಧ ನಿಲ್ಲಿಸಿ ಎಂಟು ವಾರವಾದ ಮೇಲೆ ನಮ್ಮ ಮನೆಯವರ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಟಿ.ಎಸ್.ಎಚ್. ಮೊದಲಿನ ಮಟ್ಟಕ್ಕೆ ಬಂದಿತ್ತು. ಎದೆಬಡಿತ ನಿಂತಿದೆ, ಇಳಿದ ಮೈ ಅರ್ಧ ತುಂಬಿದೆ. ಮಗ ಬಂದು ಬಾಗಿಲು ತಟ್ಟುವವರೆಗೆ ನಿದ್ದೆ ಹತ್ತುವುದಿಲ್ಲ ಎಂಬುದು ಮಾತ್ರ ಹಾಗೆಯೇ ಇದೆ. ಬಸ್ಸು ಹತ್ತಿದ ಕೂಡಲೇ ಫೋನ್ ಮಾಡು ಎಂದು ಅವನಿಗೆ ಹೇಳಿದ್ದೇವೆ. ಕೆಲವು ದಿನ ಮಾಡುತ್ತಾನೆ. ಬೋರ್‌ವೆಲ್ಲಿನ ಸಾಲದ ಕಾಗದವನ್ನು ನಮ್ಮ ಮನೆಯವರು ನಾಲ್ಕಾಗಿ ಮಡಚಿ ಜೋಸೆಫರ ಕೆಳಗೆ ಇಟ್ಟಿದ್ದಾರೆ. ಕಂತು ಕಟ್ಟುವ ದಿನ ಬಂದಾಗ ತೆಗೆದು, ಕಟ್ಟಿ ಬಂದ ಮೇಲೆ ಮತ್ತೆ ಅಲ್ಲೇ ಇಡುತ್ತಾರೆ.